ಪಟಗಳ ಸುರುಳಿ

ಈ ವಾರ ಕಣಗಲಾದ ಬಸ್ ನಿಲ್ದಾಣದಲ್ಲಿ ಕಂಡ ಸಂಗತಿಯೊಂದು ಮನಸ್ಸನ್ನು ಬಿಟ್ಟು ಹೋಗಲೊಲ್ಲದು. ಪ್ರೌಢಶಾಲೆಯ ಮಕ್ಕಳಿಗೆ ಹದಿಹರೆಯದ ಪಾಠ ಹೇಳಿ ಹಿಂದಿರುಗುತ್ತಿದ್ದ ತರುಣಿಯೊಬ್ಬಳ ಹಿಂದೆ, ಆಕೆಯ ಪಟಗಳ ಸುರುಳಿಯನ್ನು ಎರಡು ಕೈಗಳಿಂದಲೂ ಎದೆಗವಚಿಕೊಂಡು ಹುಡುಗನೊಬ್ಬನು ನಡೆದು ಬಂದನು. ಕಾಗದದ ಆ ಸುರುಳಿಗೆ ಭಾರವೆಂಬುದೇ ಇಲ್ಲ; ಅದನ್ನು ತಾನೇ ಹೊರುವುದು ಆಕೆಗೆ ಕಷ್ಟವೂ ಅಲ್ಲ. ಆದರೂ ಆಕೆ ಕೊಡೆಂದು ಕೇಳಲಿಲ್ಲ. ಸಂಕೇಶ್ವರದ ಬಸ್ಸು ಬಂದಿತು, ಕಂಡಕ್ಟರು ಕೂಗಿದನು, ಬಸ್ಸು ಹೊರಟೂ ಹೋಯಿತು, ಆಕೆ ಏರಲಿಲ್ಲ. ಹುಡುಗನು ನೆಲವನ್ನು ನೋಡುತ್ತ, ಕನ್ನಡ ಮರಾಠಿಗಳೆರಡೂ ಬೆರೆತ ನಮ್ಮ ಗಡಿಸೀಮೆಯ ಮಾತಿನಲ್ಲಿ ಏನನ್ನೋ ಮೆಲ್ಲಗೆ ಹೇಳುತ್ತಿದ್ದನು. ಆಕೆ ಅವನ ಮುಖವನ್ನು ದಿಟ್ಟಿಸದೆ, ಹೆದ್ದಾರಿಯ ಕಡೆಗೆ ತಿರುಗಿ ನಿಂತು, ಕೇಳುತ್ತಿದ್ದಳು.

ಆ ಪಟಗಳಲ್ಲಿರುವುದು ನಿಮಗೆಲ್ಲ ತಿಳಿದಿರುವಂಥದೇ: ದೇಹದಲ್ಲಾಗುವ ಮಾರ್ಪಾಡುಗಳು, ರಕ್ತಹೀನತೆ, ಕಬ್ಬಿಣಾಂಶದ ಗುಳಿಗೆ, ಹೆಣ್ಣಿಗೆ 18 ಗಂಡಿಗೆ 21 ತುಂಬದೆ ಮದುವೆ ಕೂಡದೆಂಬ ಕಾನೂನು, ಎಚ್‌ಐವಿ ಹರಡುವ ಬಗೆ. ಹಿಂದೂಸ್ಥಾನ್ ಲೇಟೆಕ್ಸ್ ಸಂಸ್ಥೆಯು, ಅಂದರೆ ಇಂದಿನ ಎಚ್‌ಎಲ್‌ಎಲ್ ಲೈಫ್‌ಕೇರ್, ತನ್ನ ಕಾರ್ಖಾನೆಗಳಲ್ಲೊಂದನ್ನು 1985ರಲ್ಲಿ ತೆರೆದುದು ಇದೇ ಕಣಗಲಾದಲ್ಲಿ. ಕುಟುಂಬ ಯೋಜನೆಯ ಸಾಧನಗಳನ್ನು ತಯಾರಿಸುವ ಆ ಕೆಲಸದಿಂದ ಈ ಭಾಗದ ಎಷ್ಟೋ ಮನೆಗಳ ಒಲೆ ಉರಿದಿದೆ. ಅಂಥ ಊರಿನಲ್ಲಿಯೂ ಬೆಳೆಯುತ್ತಿರುವ ಮಗನು ತನ್ನ ದೇಹದ ಕುರಿತ ಒಂದು ಪ್ರಶ್ನೆಯನ್ನು ತಂದೆಯ ಎದುರು ಎತ್ತಲಾರನು ಎಂದರೆ, ಅದನ್ನು ಊರಿನ ದೋಷವೆನ್ನಲಾಗದು. ಮನೆಯೊಳಗಿನ ಮಾತಿಗೆ ಎಲ್ಲೆಡೆಯೂ ಇರುವ ಮೇರೆ ಅದು. ಈ ಮೇರೆಯನ್ನು ಬಲ್ಲ ಆಕೆ ತರಗತಿಯಲ್ಲಿ ಒಂದು ಡಬ್ಬಿಯನ್ನಿಟ್ಟು, ಹೆಸರು ಹಾಕದೆ ಚೀಟಿ ಬರೆದು ಹಾಕಿರೆಂದು ಹೇಳುತ್ತಾಳೆ. ಚೀಟಿಗಳು ಬರುತ್ತವೆ, ಮಕ್ಕಳು ನಗುತ್ತಾರೆ, ಉತ್ತರಗಳೂ ಸಲ್ಲುತ್ತವೆ. ಆದರೆ ಡಬ್ಬಿಗೆ ಬೀಳದ ಪ್ರಶ್ನೆಯೊಂದು ಇದ್ದೇ ಇರುತ್ತದೆ. ಪಟಗಳನ್ನು ಹೊತ್ತು ನಿಲ್ದಾಣದವರೆಗೆ ಬರುವುದು ಅದು.

ಇಂಥ ಪ್ರಶ್ನೆಗಳೇ ಆಕೆಯ ಬದುಕಿನ ದಿಕ್ಕನ್ನು ಬದಲಿಸುತ್ತಿವೆ. ಈಗ ಆಕೆ ಆಪ್ತಸಮಾಲೋಚಕಿಯಾಗಬೇಕೆಂದು ಮನಃಶಾಸ್ತ್ರದ ಅಭ್ಯಾಸಕ್ಕೆ ತೊಡಗಿದ್ದಾಳೆ. “ಪಾಠ ಹೇಳಿ ಬಸ್ ಹತ್ತಿದ ಮ್ಯಾಲೆ ಆ ಹುಡುಗರದು ಏನಾತು ಅನ್ನೂ ಚಿಂತಿ ಬಿಡವಲ್ದರಿ” ಎಂದಳು. ಆ ಚಿಂತೆಯು ಯೋಗ್ಯವಾದುದು. ಆದರೆ ಅದೊಂದರಿಂದಲೇ ಕೆಲಸವಾಗುವುದಿಲ್ಲವೆಂಬುದನ್ನು ಆಕೆಯೇ ಕಂಡುಕೊಂಡಿದ್ದಾಳೆ. ಬದುಕುವುದೇ ಬೇಡವಾಗಿದೆಯೆಂದು ಒಬ್ಬ ಹುಡುಗನು ಹೇಳಿದಾಗ, ಗಾಬರಿಗೊಳ್ಳದೆ, ಉಪದೇಶಕ್ಕೆ ಇಳಿಯದೆ, ಏನನ್ನು ನೇರವಾಗಿ ಕೇಳಬೇಕು, ಯಾವ ವೈದ್ಯರಲ್ಲಿಗೆ ಎಷ್ಟು ಬೇಗ ಕಳುಹಿಸಬೇಕು ಎಂಬುದನ್ನು ಬಲ್ಲವರ ಬಳಿ ಕುಳಿತೇ ಕಲಿಯಬೇಕು. ಉತ್ತರ ಕೊಟ್ಟು ರೂಢಿಯಾದ ನಾಲಿಗೆಗೆ ಈ ಕಲಿಕೆ ಸುಲಭವಲ್ಲ. ತರಗತಿಯಲ್ಲಿ ಮಾತು ನಿಂತರೆ ಪಾಠ ನಿಂತಂತೆ. ಇಲ್ಲಿ ಎದುರಿಗಿರುವವನ ಮೌನವನ್ನು ಅವನೇ ಮುರಿಯುವವರೆಗೆ ಕಾಯಬೇಕು.

ಒಂದು ವಿಷಯದಲ್ಲಿ ಮಾತ್ರ ನನಗೆ ಆಕೆಯೊಡನೆ ಭಿನ್ನಾಭಿಪ್ರಾಯವುಂಟು. ಪದವಿ ಕೈಗೆ ಬಂದ ಮೇಲೆ ಶಾಲೆಗಳನ್ನು ಸುತ್ತುವ ಕೆಲಸವನ್ನು ಬಿಟ್ಟು ಬೆಳಗಾವಿಯಲ್ಲಿ ಒಂದು ಕೊಠಡಿಯಲ್ಲಿ ಕುಳಿತುಕೊಳ್ಳುವುದು ಆಕೆಯ ಅಪೇಕ್ಷೆ. ಆದರೆ ಸಮಾಲೋಚಕರ ಬಾಗಿಲನ್ನು ಯಾರು ತಟ್ಟಿದರೆಂಬುದು ಹಳ್ಳಿಯಲ್ಲಿ ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಅವುಗಳ ಹೊಸ್ತಿಲನ್ನು ದಾಟುವುದಕ್ಕೂ ಒಂದು ಧೈರ್ಯ ಬೇಕು. ಪಾಠಕ್ಕೆ ಕುಳಿತವನನ್ನು ಏಕೆ ಕುಳಿತೆಯೆಂದು ಯಾರೂ ಕೇಳರು; ಪಟ ಹೊತ್ತವನನ್ನು ಏಕೆ ಹೊತ್ತೆಯೆಂದೂ ಕೇಳರು. ನೀರಿನ ನೆವದಲ್ಲಿ ಬಾವಿಕಟ್ಟೆಗೆ ಬಂದು ಒಬ್ಬರಿಗೊಬ್ಬರು ಸುಖದುಃಖಗಳನ್ನು ಹೇಳಿಕೊಳ್ಳುತ್ತಿದ್ದ ನಮ್ಮ ಅಜ್ಜಿಯರಂತೆ ಈ ಮಕ್ಕಳಿಗೂ ಒಂದು ನೆವ ಬೇಕು. ಹಳೆಯ ಕೆಲಸವು ಹೊಸ ಕೆಲಸಕ್ಕೆ ಆ ನೆವವನ್ನು ಒದಗಿಸುತ್ತಿರುವಾಗ ಅದನ್ನು ಬಿಟ್ಟುಬಿಡುವುದು ನಷ್ಟವೆಂದೇ ನನಗೆ ತೋರುತ್ತದೆ.

ಜನರಿರುವಲ್ಲಿಗೇ ಹೋಗುವ ಈ ಮಾರ್ಗವು ಕರ್ನಾಟಕಕ್ಕೆ ಹೊಸತಲ್ಲ. 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡ ಸ್ವಲ್ಪ ಕಾಲದಲ್ಲಿಯೇ ಅಲ್ಲಿಯ ವೈದ್ಯರು ಸಕಲವಾರವೆಂಬ ಹಳ್ಳಿಯಲ್ಲಿ ಕೆಲಸ ತೊಡಗಿದರು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಆರೈಕೆ ಮಾಡುವುದನ್ನು ಕಲಿಸಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು. ಈಚೆಗೆ ನಿಮ್ಹಾನ್ಸ್ ಮತ್ತು ರಾಜ್ಯದ ಯುವಜನ ಇಲಾಖೆ ಕೂಡಿ ನಡೆಸಿದ ಯುವ ಸ್ಪಂದನ ಕಾರ್ಯಕ್ರಮದಲ್ಲಿ ಆಯಾ ಊರಿನ ತರುಣ ತರುಣಿಯರನ್ನೇ ಯುವ ಪರಿವರ್ತಕರೆಂದು ಸಿದ್ಧಗೊಳಿಸಿದುದೂ ಇದೇ ನಂಬಿಕೆಯಿಂದ. ಅಷ್ಟು ದೂರವೇಕೆ, ನಮ್ಮ ಘಟಪ್ರಭೆಯಲ್ಲಿಯೇ, ಏಳನೆಯ ವಯಸ್ಸಿನಲ್ಲಿ ದೇವದಾಸಿಯಾಗಿ ಬಿಡಲ್ಪಟ್ಟ ಸೀತವ್ವ ಜೋಡಟ್ಟಿಯವರು, ತಮ್ಮಂತೆಯೇ ನೊಂದ ಸ್ತ್ರೀಯರ ಮಾಸ್ ಸಂಸ್ಥೆಯನ್ನು ಮುನ್ನಡೆಸಿ, ಸಾವಿರಾರು ಹೆಣ್ಣುಮಕ್ಕಳು ಆ ಪದ್ಧತಿಯಿಂದ ಹೊರಬರುವಂತೆ ಶ್ರಮಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇವರಲ್ಲಿ ಯಾರೂ, ಜನರೇ ತಮ್ಮ ಬಳಿಗೆ ಬರಲೆಂದು ಕಾದು ಕುಳಿತವರಲ್ಲ.

ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಇಂಥ ತರುಣ ತರುಣಿಯರು ನಿಮ್ಮ ಶಾಲೆಗೆ ಬಂದಾಗ, ಪಾಠ ಮುಗಿದೊಡನೆ ಗಂಟೆ ಬಾರಿಸಿ ಅವರನ್ನು ಬೀಳ್ಕೊಡಬೇಡಿ. ಅರ್ಧ ಗಂಟೆಯ ಬಿಡುವನ್ನೂ, ಒಳಗಿನ ಮಾತು ಹೊರಗೆ ಕೇಳಿಸದ ಒಂದು ಕೊಠಡಿಯನ್ನೂ ಕೊಡಿ. ಯಾರು ಹೋದರು, ಏನು ಹೇಳಿದರು ಎಂದು ಮಾತ್ರ ವಿಚಾರಿಸಬೇಡಿ. ಅಂಥ ಕೊಠಡಿ ಇನ್ನೂ ದೊರೆಯದ ಮಕ್ಕಳಿಗೂ ದೊಡ್ಡವರಿಗೂ ಟೆಲಿ ಮಾನಸ್ ಸಹಾಯವಾಣಿಯುಂಟು. ಅದರ ಸಂಖ್ಯೆ 14416. ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.