ಹೊಂಡ ತೋಡಿದವನ ಹೊಣೆ



ಗಿರಣಿ ಕೆಲಸಗಾರರ ಮುಂದೆ, ಸಣ್ಣ ಅಂಗಡಿಕಾರರ ಮುಂದೆ ಈಜುಕೊಳದ ಮಾತೇಕೆ ಎಂದು ನೀವು ಕೇಳುವಿರಿ. ನಮ್ಮಲ್ಲಿ ಯಾರ ಹಿತ್ತಲಲ್ಲೂ ಈಜುಕೊಳವಿಲ್ಲ. ಹಿತ್ತಲೇ ಇಲ್ಲದವರು ಬಹುಮಂದಿ. ಆದರೂ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಈಜುಕೊಳ ಕಾಯಿದೆಯನ್ನು ಇಂದು ನಿಮ್ಮ ಮುಂದಿಡುತ್ತೇವೆ. ತನ್ನ ನೆಲದಲ್ಲಿ ಹೊಂಡ ತೋಡಿದವನು ನೆರೆಯವರ ಮಕ್ಕಳಿಗೂ ಹೊಣೆಗಾರನೆಂದು ಒಪ್ಪಿಸಲು ಅಲ್ಲಿಯ ಜನ ಪಟ್ಟ ಪಾಡು ನಮಗೆ ತಿಳಿದಿರಬೇಕು.

ಸಿಡ್ನಿ ನಗರವಿರುವ ಆ ಪ್ರಾಂತ್ಯದಲ್ಲಿ ಸಾಧಾರಣ ಸಂಬಳಗಾರರ ಮನೆಯ ಹಿಂದೆಯೂ ಕೊಳವಿರುವುದುಂಟು. ಎರಡು ವರ್ಷದ ಕೂಸು ನೀರಿಗೆ ಬಿದ್ದರೆ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ತಾಯಿ ಒಳಗೆ ಒಲೆಯ ಮುಂದಿರುತ್ತಾಳೆ. ಇದಕ್ಕೆಂದೇ 1990ರಲ್ಲಿ ಕಾಯಿದೆ ಬಂತು. ಹಳೆಯ ಕೊಳಕ್ಕೂ ಬೇಲಿ ಹಾಕಿ ಎಂದೊಡನೆ ಒಡೆಯರು ಗದ್ದಲವೆಬ್ಬಿಸಿದರು. ನಮ್ಮ ಮನೆ, ನಮ್ಮ ಕೊಳ, ಸರ್ಕಾರಕ್ಕೇನು? ಈ ವಾದ ನಮಗೆ ಹೊಸದೇ? 1992ರಲ್ಲಿ ಕಾಯಿದೆಯನ್ನು ಬದಲಿಸಿ, 1990ರ ಆಗಸ್ಟ್ 1ಕ್ಕಿಂತ ಹಿಂದಿನ ಕೊಳಗಳಿಗೆ ರಿಯಾಯಿತಿ ಕೊಟ್ಟರು. ಮನೆಯ ಬಾಗಿಲು ಕಿಟಕಿ ಭದ್ರವಿದ್ದರೆ, ಮನೆಗೂ ಕೊಳಕ್ಕೂ ನಡುವೆ ಬೇಲಿ ಬೇಡವೆಂದಾಯಿತು.

ಉಳಿದ ಕೊಳಗಳಿಗೆ ಹಾಕಿದ ಕಟ್ಟಳೆಯಾದರೋ ಗಟ್ಟಿಯಾದದ್ದು. ನೀರು ನಿಲ್ಲುವ ಆಳ 300 ಮಿಲಿಮೀಟರ್, ಎಂದರೆ ಸುಮಾರು ಒಂದು ಅಡಿ, ದಾಟಿತೆಂದರೆ ಕಾಯಿದೆ ಹಿಡಿಯುತ್ತದೆ. ಬೇಲಿಯ ಎತ್ತರ 1200 ಮಿಲಿಮೀಟರಿಗೆ ಕಡಿಮೆಯಿರಕೂಡದು. ಬೇಲಿಯಡಿಯ ಸಂದು 100 ಮಿಲಿಮೀಟರ್ ಮೀರಕೂಡದು. ಬಾಗಿಲು ಕೊಳದ ಕಡೆಗಲ್ಲದೆ ಹೊರಗಡೆಗೆ ತೆರೆಯಬೇಕು, ಬಿಟ್ಟೊಡನೆ ತಾನೇ ಮುಚ್ಚಿ ಅಗುಳಿ ಬೀಳಬೇಕು. ಮಗು ಹತ್ತಲು ಮೆಟ್ಟಿಲಾಗಬಲ್ಲ ಕುರ್ಚಿ, ಹೂಕುಂಡ ಬೇಲಿಯಿಂದ 900 ಮಿಲಿಮೀಟರ್ ದೂರವಿರಬೇಕು. ಬಾಗಿಲಿಗೆ ಕಲ್ಲು ಒತ್ತಿಟ್ಟು ತೆರೆದಿಟ್ಟರೂ ಅಪರಾಧವೇ! ಬರೆದವರು ಮಕ್ಕಳನ್ನು ಸಾಕಿದವರೇ ಇರಬೇಕು.

ಮೈ ಕಾಯಿಸಿಕೊಳ್ಳುವ ಬಿಸಿನೀರಿನ ತೊಟ್ಟಿಗಳೂ ಇದರೊಳಗೆ ಬರುತ್ತವೆ. ಅವಕ್ಕೊಂದು ಅನುಕೂಲವುಂಟು: ಬಳಸದಿರುವಾಗ ಮಗು ತೆಗೆಯಲಾಗದ ಭದ್ರವಾದ ಮುಚ್ಚಳವಿದ್ದರೆ ಬೇಲಿ ಬೇಕಿಲ್ಲ. ಈ ಮುಚ್ಚಳದ ಮಾತು ನೆನಪಿರಲಿ.

ಬರೀ ಕಟ್ಟಳೆ ಬರೆದರೆ ಯಾರು ಕೇಳುತ್ತಾರೆ? ನಮ್ಮ ಪುರಸಭೆಗಳ ಕಡತಗಳಲ್ಲಿ ಒಳ್ಳೆಯ ಕಟ್ಟಳೆಗಳಿಗೆ ಬರವಿಲ್ಲ. ಅವರು 2013ರಲ್ಲಿ ಪ್ರತಿಯೊಂದು ಕೊಳವನ್ನೂ ದಾಖಲೆಯಲ್ಲಿ ಬರೆಸಿದರು. 2016ರ ಏಪ್ರಿಲ್‌ನಿಂದ, ಕೊಳವಿರುವ ಮನೆಯನ್ನು ಬಾಡಿಗೆಗೆ ಕೊಡಬೇಕಾದರೆ ತನಿಖೆ ಮಾಡಿಸಿದ ಪತ್ರ ಇರಲೇಬೇಕು. ಆ ಪತ್ರದ ಆಯುಸ್ಸು ಮೂರು ವರ್ಷ. ಮಾರುವಾಗ ಬೇಲಿ ಸರಿಯಿಲ್ಲವೆಂದು ಪತ್ರದಲ್ಲಿದ್ದರೆ, ಕೊಂಡವನು 90 ದಿನದೊಳಗೆ ಸರಿಪಡಿಸಬೇಕು. ದಂಡಕ್ಕೆ ಹೆದರದ ಒಡೆಯನೂ ಬಾಡಿಗೆ ನಿಂತೀತೆಂದರೆ ಬೇಲಿ ಹಾಕುತ್ತಾನೆ. ವ್ಯಾಪಾರ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ವಠಾರದ ಅಂಗಳದಲ್ಲಿ ನೆಲದಡಿಯ ನೀರಿನ ತೊಟ್ಟಿ ಇದೆಯಲ್ಲ, ನಾವು ಸಂಪು ಎನ್ನುವುದು, ಅದರ ಆಳ ಒಂದು ಅಡಿಯೇ? ಆಳೆತ್ತರ ನೀರು ನಿಲ್ಲುತ್ತದೆ. ಮುಚ್ಚಳವೋ ತುಕ್ಕು ಹಿಡಿದ ತಗಡು, ಇಲ್ಲವೇ ಒಂದು ಹಲಗೆ. ಬಾಡಿಗೆ ಪ್ರತಿ ತಿಂಗಳೂ ತಪ್ಪದೆ ವಸೂಲಾಗುತ್ತದೆ, ಮುಚ್ಚಳ ಮಾತ್ರ ಮುಂದಿನ ತಿಂಗಳಿಗೆ.

ಹೊಲಗಳ ಕೊಳವೆ ಬಾವಿಯ ಕತೆಯೂ ಇದೇ. 2010ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಸೂಚನೆ ಕೊಟ್ಟಿದೆ. ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ಬರೆದು ತಿಳಿಸಬೇಕು, ಸುತ್ತ ಮುಳ್ಳುತಂತಿ ಕಟ್ಟಬೇಕು, ಬಾಯಿಗೆ ಉಕ್ಕಿನ ಮುಚ್ಚಳ ಹಾಕಬೇಕು, ಬಿಟ್ಟ ಬಾವಿಯನ್ನು ತಳದಿಂದ ಮೇಲಿನವರೆಗೆ ಮಣ್ಣು ಮರಳಿನಿಂದ ತುಂಬಬೇಕು. ಇಷ್ಟಿದ್ದೂ 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ತೆರೆದ ಕೊಳವೆ ಬಾವಿಗೆ ಬಿತ್ತು. ಸುಮಾರು 20 ಗಂಟೆ ಅಗೆದು ಜೀವಸಹಿತ ಎತ್ತಿದರು. ದುಡಿದವರಿಗೆ ನಮಸ್ಕಾರ ಹೇಳೋಣ. ಆದರೆ ಒಂದು ಮುಚ್ಚಳಕ್ಕೆ ಎಷ್ಟು ಖರ್ಚಾಗುತ್ತಿತ್ತು?

ಆದುದರಿಂದ ನಮ್ಮ ಬೇಡಿಕೆ ಇಷ್ಟು. ವಠಾರ ಬಾಡಿಗೆಗೆ ಕೊಡುವಾತನು ತೊಟ್ಟಿಗೆ ಭದ್ರ ಮುಚ್ಚಳವಿದೆಯೆಂಬ ಪತ್ರವನ್ನು ಪುರಸಭೆಯಿಂದ ಪಡೆಯಲಿ. ಹೊಲ ಮಾರುವಾತನು ಬತ್ತಿದ ಬಾವಿ ತುಂಬಿದ ಪತ್ರವನ್ನು ನೋಂದಣಿಯ ಹೊತ್ತಿಗೆ ತೋರಿಸಲಿ. ಇದರಿಂದ ಬಾಡಿಗೆ ಏರೀತೆಂದು ಕೆಲವರು ಹೆದರಿಸುತ್ತಾರೆ. ಒಂದು ಮುಚ್ಚಳದ ನೆಪದಲ್ಲಿ ಬಾಡಿಗೆ ಏರಿಸುವವನು ಮುಚ್ಚಳವಿಲ್ಲದೆಯೂ ಏರಿಸುತ್ತಾನೆ, ಅದನ್ನು ನಾವು ಪ್ರತಿ ವರ್ಷ ನೋಡುತ್ತಲೇ ಇದ್ದೇವೆ.

ಮುಂದಿನ ಸಭೆಗೆ ಬರುವಾಗ ನಿಮ್ಮ ಬೀದಿಯಲ್ಲಿ ಎಷ್ಟು ತೊಟ್ಟಿಗಳಿವೆ, ಎಷ್ಟಕ್ಕೆ ಮುಚ್ಚಳವಿಲ್ಲ, ಇದ್ದ ಮುಚ್ಚಳಕ್ಕೆ ಬೀಗವಿದೆಯೇ ಎಂದು ಎಣಿಸಿ ಬರೆದು ತನ್ನಿ. ಆ ಪಟ್ಟಿಯನ್ನು ಸೇರಿಸಿಯೇ ಪುರಸಭೆಗೆ ಅರ್ಜಿ ಕೊಡೋಣ.