ತವರಿಗೆ ಬರುವ ಹೆಜ್ಜಾರ್ಲೆಗಳು



ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ಕಡೆಯ ವಾಡಿಕೆ. ಗಂಡನ ಮನೆ ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ದಿನ ಹತ್ತಿರ ಬಂದರೆ ತಾಯಿಯ ಮನೆ ಕರೆಯುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವರು ಇದೇ ಮಾತನ್ನು ಹಕ್ಕಿಗಳ ಬಗ್ಗೆಯೂ ಹೇಳುತ್ತಾರೆ. ಆ ಊರೇ ಕೊಕ್ಕರೆಬೆಳ್ಳೂರು. ಇಂದಿನ ನಮ್ಮ ಮಾತು ಆ ತವರನ್ನು ಉಳಿಸಿಕೊಂಡವರ ಕುರಿತು.

ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಲ್ಲಿಗೆ ಬಂದಿಳಿಯುತ್ತವೆ. ಕಾಡಿನಲ್ಲಲ್ಲ, ಕೆರೆಯ ನಡುಗಡ್ಡೆಯಲ್ಲೂ ಅಲ್ಲ, ಊರೊಳಗೇ ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಮೇಲೆ ನಾಲ್ಕೈದು ಕಿಲೋ ತೂಗುವ ಹೆಜ್ಜಾರ್ಲೆ ತನ್ನ ಮರಿಗೆ ಮೀನು ಉಣಿಸುತ್ತಿರುತ್ತದೆ. ಮರಿಗಳು ರೆಕ್ಕೆ ಬಲಿತು, ಮಳೆಗಾಲ ಹತ್ತಿರವಾದಂತೆ ಎಲ್ಲವೂ ಹಾರಿ ಹೋಗುತ್ತವೆ.

ಊರಿನ ಹಿರಿಯರಲ್ಲಿ ಉಳಿದುಬಂದಿರುವ ನೆನಪು ಒಂದಿದೆ. ಮೊದಲು ಈ ಹಳ್ಳಿ ಶಿಂಷಾ ನದಿಯ ದಡದಲ್ಲಿತ್ತಂತೆ. 1916ರಲ್ಲಿ ಪ್ಲೇಗು ಬಂದಾಗ ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಿಂದೆಯೇ ಹಕ್ಕಿಗಳೂ ಬಂದವು. ಈ ಊರಿನ ಇತಿಹಾಸ ಹೇಳಲು ಕೋಟೆ ಕೊತ್ತಲ ಬೇಕಿಲ್ಲ. ಆ ಇತಿಹಾಸ ಇಲ್ಲಿನ ಹಳೆಯ ಮರಗಳಲ್ಲೇ ಇದೆ.

ಹೊರಗಿನವರಿಗೆ ಇದರ ಬೆಲೆ ತಿಳಿದದ್ದು 1976ರಲ್ಲಿ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆಗಳ ನೆಲೆಯನ್ನು ದಾಖಲಿಸಿ ಬರೆದರು. ಆದರೆ ಬರೆದಿಟ್ಟರೆ ಮರ ಉಳಿಯುತ್ತದೆಯೇ? ಹುಣಸೆಯ ಲೆಕ್ಕವೇ ಬೇರೆ. ಹಕ್ಕಿ ಗೂಡು ಕಟ್ಟುವುದೂ ಹುಣಸೆ ಹಣ್ಣಾಗುವುದೂ ಒಂದೇ ಕಾಲದಲ್ಲಿ. ಹಣ್ಣು ಬಡಿದರೆ ಗೂಡು ಹೋಗುತ್ತದೆ, ಬಡಿಯದೆ ಬಿಟ್ಟರೆ ಹಿಕ್ಕೆ ಬಿದ್ದು ಫಸಲು ಹಾಳಾಗುತ್ತದೆ. ಮರ ಕಡಿದು ಮಾರಿದರೆ ಕೈಗೆ ಒಂದಿಷ್ಟು ದುಡ್ಡು ಬರುತ್ತದೆ. ಬಡ ರೈತ ಏನು ಮಾಡಬೇಕು ಹೇಳಿ!

ಇಲ್ಲಿಗೇ ಸ್ವಯಂಸೇವಕರು ಬಂದದ್ದು. 1994ರಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿ ತಂಡ ಇಲ್ಲಿ ಕೆಲಸ ಶುರು ಮಾಡಿತು. ಅವರೊಂದಿಗೆ ಹಳ್ಳಿಯ ಯುವಕರೇ ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. ಗಾಳಿಗೆ, ನೂಕಾಟಕ್ಕೆ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಆವರಣದೊಳಗೆ ಬಿಟ್ಟು, ದಿನವೂ ಮೀನು ತಿನ್ನಿಸಿ, ಹಾರುವಷ್ಟಾದ ಮೇಲೆ ಬಿಟ್ಟುಕೊಡುವುದು ಅವರ ಕೆಲಸ. ಕೇಳಲು ಸುಲಭ. ಬಿಸಿಲಿನಲ್ಲಿ ದಿನಾ ಮೀನು ಹೊಂದಿಸಿ ಒಂದೊಂದು ಬಾಯಿಗೂ ಇಕ್ಕುವವರಿಗೆ ಗೊತ್ತು ಅದರ ಕಷ್ಟ.

ಗೂಡಿರುವ ಮರಗಳ ಫಸಲು ನಷ್ಟಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುವ ಕ್ರಮ ಬಂತು. ಆ ಮೊತ್ತ ಸಾಲದೆಂಬ ದೂರೂ ಬಂತು. ಹಿಕ್ಕೆ ಒಳ್ಳೆಯ ಗೊಬ್ಬರವೆಂಬುದನ್ನು ರೈತರು ಮೊದಲಿನಿಂದಲೂ ಬಲ್ಲರು. ಮರದಡಿ ಕೆರೆಯ ಗೋಡು ಹಾಕಿ, ಹಿಕ್ಕೆ ಬೆರೆತ ಆ ಮಣ್ಣನ್ನು ಹೊಲಕ್ಕೆ ಸಾಗಿಸುತ್ತಾರೆ. 2007ರಲ್ಲಿ ಸರ್ಕಾರ ಕೊಕ್ಕರೆಬೆಳ್ಳೂರನ್ನು 'ಸಮುದಾಯ ಮೀಸಲು ಪ್ರದೇಶ' ಎಂದು ಘೋಷಿಸಿತು. ಊರನ್ನು ಎಬ್ಬಿಸಿ ಬೇಲಿ ಹಾಕುವ ಕ್ರಮ ಇದಲ್ಲ. ಜಮೀನು ಜನರದ್ದೇ, ಜವಾಬ್ದಾರಿಯಲ್ಲೂ ಜನರ ಪಾಲಿದೆ.

ಇಷ್ಟಾದರೂ ಚಿಂತೆ ತೀರಿಲ್ಲ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಹತ್ತಾರು ಹೆಜ್ಜಾರ್ಲೆಗಳು ಇಲ್ಲಿ ಸತ್ತವು. ಅವುಗಳ ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಕಂಡುಬಂದವು. ಮೀನಿನ ಮೂಲಕ ಸೇರಿದ ಹುಳುಗಳವು. ಹಾಗಾದರೆ ಊರಿನ ಮರ ಉಳಿಸಿದರೆ ಸಾಲದು, ಹಕ್ಕಿ ಮೀನು ಹಿಡಿಯುವ ಸುತ್ತಲಿನ ಕೆರೆ ಕಟ್ಟೆಗಳೂ ಚೊಕ್ಕಟವಾಗಿರಬೇಕು. ಅದು ಒಂದು ಹಳ್ಳಿಯ ಹುಡುಗರ ಕೈಗೆ ಎಟುಕುವ ಕೆಲಸವಲ್ಲ.

ಕೇಳುಗರೇ, ರಜೆಗೆ ಊರಿಗೆ ಹೋದಾಗ ಬೆಂಗಳೂರು ಮೈಸೂರು ನಡುವಿನ ಈ ಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಗೂಡಿನ ಕೆಳಗೆ ಗದ್ದಲ ಬೇಡ, ಪಟಾಕಿ ಬೇಡ, ಫೋಟೋಗಾಗಿ ಹಕ್ಕಿಯನ್ನು ಎಬ್ಬಿಸುವುದಂತೂ ಬೇಡವೇ ಬೇಡ. ಮರದ ಯಜಮಾನರು ಸಿಕ್ಕರೆ ಎರಡು ಮಾತಾಡಿಸಿ. ಈ ಸಲ ಹುಣಸೆ ಹೇಗೆ ಎಂದು ಕೇಳಿ. ಹಕ್ಕಿಗಾಗಿ ವರ್ಷವರ್ಷವೂ ಒಂದು ಫಸಲು ಬಿಟ್ಟುಕೊಟ್ಟ ಮನೆಗೆ ಅಷ್ಟು ವಿಚಾರಿಸಿಕೊಂಡರೂ ಸಂತೋಷವಾದೀತು.