ಹಳದಿ ರಟ್ಟಿನ ಭಯ

ಇಟಲಿಯವರ ಭಾಷೆಯಲ್ಲಿ ‘ಜಾಲೊ’ ಎಂದರೆ ಹಳದಿ. ಮಂಗಳದ ಬಣ್ಣ ಕೊಲೆಯ ಕಥೆಗೆ ಹೆಸರಾದುದು ಹೇಗೆಂದು ತಾವು ಕೇಳಬಹುದು. 1929ರಲ್ಲಿ ಮಿಲಾನ್ ನಗರದ ಮೊಂಡಡೋರಿ ಪ್ರಕಾಶಕರು ಪತ್ತೇದಾರಿ ಕಾದಂಬರಿಗಳ ಮಾಲೆಯೊಂದನ್ನು ಹಳದಿ ರಟ್ಟು ಹಾಕಿಸಿ ಹೊರತಂದರು. ಕ್ರಮೇಣ ಜನ ರಟ್ಟಿನ ಹೆಸರಿನಿಂದಲೇ ಕಥೆಯನ್ನು ಕರೆಯತೊಡಗಿದರು. 1941ರಲ್ಲಿ ಮುಸೊಲಿನಿಯ ಆಡಳಿತ ಮಾಲೆಯನ್ನು ನಿಲ್ಲಿಸಿತು. ಯುದ್ಧ ಮುಗಿದ ಮೇಲೆ ಅದು ಮತ್ತೆ ಚಿಗುರಿತು.

ಹಳದಿಯನ್ನು ತೆರೆಯ ಮೇಲೆ ತಂದವರಲ್ಲಿ ಮೊದಲಿಗ ಮಾರಿಯೊ ಬಾವ. ಈತ ಮೂಲತಃ ಛಾಯಾಗ್ರಾಹಕ. 1964ರಲ್ಲಿ ಈತ ತೆಗೆದ ಚಿತ್ರದ ಹೆಸರನ್ನು ಕನ್ನಡದಲ್ಲಿ ‘ಕೊಲೆಗಾರನಿಗೆ ಆರು ಹೆಂಗಸರು’ ಎನ್ನಬಹುದು. ಬೆಡಗಿನ ಉಡುಪುಗಳ ಒಂದು ಮಳಿಗೆ. ಅಲ್ಲಿಯ ಹೆಣ್ಣುಗಳು ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊಲೆಗಾರನಿಗೆ ಕರಿಯ ಕೈಗವಸು, ಉದ್ದನೆಯ ಕೋಟು, ಟೋಪಿ. ಮುಖವಿದ್ದಲ್ಲಿ ಬರೀ ಬಟ್ಟೆ. ಕೋಣೆಯ ತುಂಬ ಕೆಂಪು, ಹಸಿರು, ನೇರಳೆ ಬೆಳಕು. ಅದು ಯಾವ ದೀಪದ್ದೆಂದು ಮಾತ್ರ ಕೇಳಬೇಡಿ!

ನನಗೆ ಇಲ್ಲೊಂದು ಕಸಿವಿಸಿಯುಂಟು. ಚಿತ್ರದ ಆರಂಭದಲ್ಲಿ ನಟನಟಿಯರು ಉಡುಪು ತೊಡಿಸುವ ಬೊಂಬೆಗಳ ನಡುವೆ ಬೊಂಬೆಗಳಂತೆಯೇ ನಿಲ್ಲುತ್ತಾರೆ. ಮುಂದೆ ಹೆಣ್ಣಿನ ಸಾವನ್ನೂ ಕ್ಯಾಮರಾ ಅಷ್ಟೇ ಅಲಂಕಾರವಾಗಿ ತೋರಿಸುತ್ತದೆ. ಕಣ್ಣು ಮೆಚ್ಚುತ್ತದೆ, ಮನಸ್ಸು ನಾಚುತ್ತದೆ. ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರಗಳಂತೂ ಇವಲ್ಲ.

ಆದರೂ ಇವುಗಳ ಸೆಳೆತ ಬರಿಯ ರಕ್ತದ್ದಲ್ಲ. 1970ರಲ್ಲಿ ದಾರಿಯೊ ಅರ್ಜೆಂಟೊ ತನ್ನ ಮೊದಲ ಚಿತ್ರ ‘ಸ್ಫಟಿಕದ ಗರಿಯ ಹಕ್ಕಿ’ಯನ್ನು ನಿರ್ದೇಶಿಸಿದ. ಅಮೆರಿಕದ ಲೇಖಕನೊಬ್ಬ ರಾತ್ರಿ ರೋಮಿನ ಬೀದಿಯಲ್ಲಿ ನಡೆದು ಬರುತ್ತಿದ್ದಾನೆ. ಎದುರಿಗೆ ಬೆಳ್ಳಗೆ ಬೆಳಗುವ ಕಲಾ ಗ್ಯಾಲರಿ. ಗಾಜಿನಾಚೆ ಒಬ್ಬ ಹೆಂಗಸು, ಕಪ್ಪು ಉಡುಪಿನ ಒಂದು ಆಕೃತಿ, ಹೆಣಗಾಟ. ಇವನು ನುಗ್ಗುತ್ತಾನೆ. ಹಿಂದಿನ ಗಾಜಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಮುಂದಿನದು ತೆರೆಯದು. ಹೆಂಗಸು ರಕ್ತ ಸುರಿಸುತ್ತ ಬಿದ್ದಿದ್ದಾಳೆ. ಈತ ಗಾಜಿನ ತೊಟ್ಟಿಯ ಮೀನಿನಂತೆ ನೋಡುತ್ತ ನಿಂತಿದ್ದಾನೆ.

ಕಂಡದ್ದರಲ್ಲಿ ಏನೋ ತಪ್ಪಿತ್ತೆಂದು ಅವನಿಗೆ ಆಮೇಲೆ ಅನ್ನಿಸುತ್ತದೆ. ಏನದು? ನೆನಪಾಗದು. ಷರ್ಲಾಕ್ ಹೋಮ್ಸನ ಕಥೆಯಲ್ಲಿ ನಾವು ಕಾಣದ್ದನ್ನು ಪತ್ತೇದಾರ ಕಾಣುತ್ತಾನೆ. ಇಲ್ಲಿ ನಾವೂ ಕಂಡಿದ್ದೇವೆ, ಕಂಡೂ ತಪ್ಪಾಗಿ ತಿಳಿದಿದ್ದೇವೆ. 1975ರ ‘ಕಡುಗೆಂಪು’ ಚಿತ್ರದಲ್ಲೂ ಅರ್ಜೆಂಟೊ ಇದೇ ಆಟ ಹೂಡಿದ; ಈ ಸಲ ಸಾಕ್ಷಿ ಪಿಯಾನೊ ವಾದಕ.

ರೇಡಿಯೋ ಕೇಳುವ ತಮಗೆ ಹಿಡಿಸುವ ಸಂಗತಿಯೊಂದಿದೆ. ‘ಹಕ್ಕಿ’ಗೆ ಸಂಗೀತ ಕೊಟ್ಟವರು ಎನ್ನಿಯೊ ಮೊರಿಕೋನೆ. ಜೋಗುಳದಂತಹ, ಮಾತಿಲ್ಲದ ಹೆಣ್ಣುದನಿ. ಅದು ಇಂಪಾದಷ್ಟೂ ಭಯ ಹೆಚ್ಚು. ಕೊಲೆಗಾರ ದೂರವಾಣಿಯಲ್ಲಿ ಬೆದರಿಸಿದ್ದನ್ನು ಧ್ವನಿಮುದ್ರಿಸುತ್ತಾರೆ. ಮಾತಿನ ಹಿಂದೆ ಕಿರ್ರೆನ್ನುವ ವಿಚಿತ್ರ ಸದ್ದೊಂದಿದೆ. ಪೊಲೀಸರು ಅದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಾರೆ. ಚಿತ್ರಕ್ಕೆ ಆ ಹೆಸರು ಏಕೆಂಬುದು ತಿಳಿಯುವುದು ಆ ಸದ್ದನ್ನು ಒಬ್ಬರು ಗುರುತಿಸಿದಾಗ. ಮುಂದಿನದನ್ನು ಹೇಳಿದರೆ ನೋಡುವವರಿಗೆ ಅನ್ಯಾಯವಾದೀತು.